ಕಂದೀಲು ಕೇಳಿದವಳು

ರೇವವ್ವನ ಕೊರಳಲ್ಲಿ ತಾಳಿಯ ಪಕ್ಕಕ್ಕೇ ಬೆಳ್ಳಿಯ ಪುಟ್ಟ ಮುಖವೊಂದು ತೂಗುತ್ತಿತ್ತು. ಅದು ಗಂಡನ ಮೊದಲ ಹೆಂಡತಿ ಕಸ್ತೂರೆವ್ವನದು. ಸತ್ತ ಸವತಿ ಕಾಡಬಾರದೆಂದು ಎರಡನೆಯವಳು ಧರಿಸುವ ಪದಕ. ೧೯೭೨ರಲ್ಲಿ ಮೊರಬದಿಂದ ಶಲವಡಿಯ ಆ ದೊಡ್ಡ ಮನೆಗೆ ಬಂದಾಗ ರೇವವ್ವನಿಗೆ ಹದಿನೆಂಟು. ಕಸ್ತೂರೆವ್ವ ಮೂರು ದಿನದ ಜ್ವರದಲ್ಲಿ ಹೋದಳೆಂದು ಹೇಳಿದ್ದರು.

ಮನೆಯ ಗೋಡೆಗಳು ಎರಡು ಮೊಳ ದಪ್ಪ. ಅಡುಗೆಮನೆಗೆ ಬೆಳಕು ಬೀಳುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಅಲ್ಲಿ ಅತ್ತೆ ಶಿವಗಂಗವ್ವನದು ಒಂದೇ ಮಾತು: “ಕಸ್ತೂರಿ ಎಂದೂ ತಿರುಗಿ ಮಾತಾಡಿದಾಕಿ ಅಲ್ಲ.” ರೇವವ್ವನೂ ಮಾತಾಡುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಎದೆಯೊಳಗೆ ಯಾರೋ ಅತ್ತೆಗೆ ಎದುರುತ್ತರ ಕೊಡುತ್ತಿದ್ದರು. ಸವತಿಯೇ ಒಳಹೊಕ್ಕಿದ್ದಾಳೆಂದು ಹೆದರಿ ಅವಳು ಪದಕಕ್ಕೆ ದಿನವೂ ಕುಂಕುಮ ಹಚ್ಚುತ್ತಿದ್ದಳು.

ಎರಡು ವರ್ಷ ಕಳೆಯಿತು. ಆ ಬೇಸಿಗೆ ಮನೆಯೊಳಗಿನ ಜೋಳ ತೀರಿತು. ಹಿತ್ತಲಿನ ಹಗೇವು, ನೆಲದಡಿಯ ಆ ಕಾಳಿನ ಕುಣಿ, ಕಸ್ತೂರೆವ್ವ ಹೋದಂದಿನಿಂದ ಮುಚ್ಚಿಯೇ ಇತ್ತು. ಗಂಡ ಮಡಿವಾಳೆಪ್ಪ ಅಣ್ಣಿಗೇರಿಗೆ ಹೋಗಿದ್ದ; ಸಂಜೆಗೆ ಬೀಗರು ಬರುವವರಿದ್ದರು. ಅತ್ತೆ, ಸೊಸೆ ಸೇರಿ ಮಣ್ಣು ಕೆದರಿ ಬಾಯಿಗಲ್ಲು ಸರಿಸಿದರು. ಬೆಚ್ಚಗಿನ ಹುಳಿ ವಾಸನೆ ಮೇಲೆದ್ದಿತು.

“ಇಳಿ ಬೇ. ಎರಡು ಬುಟ್ಟಿ ಸಾಕು.”

ಮೊರಬದಲ್ಲಿ ಅವಳ ಅಪ್ಪ ಹಗೇವು ತೆರೆದರೆ ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಸುತ್ತಿದ್ದ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ. ಅಂದು ಯಾರೂ ಇಳಿಯುತ್ತಿರಲಿಲ್ಲ.

“ಮೊದಲ ಕಂದೀಲು ಇಳಿಸೂಣ್ರಿ, ಅತ್ತಿ.”

“ಹಾಡಹಗಲಿ ಕಂದೀಲಂತ, ಕಂದೀಲು. ದೊಡ್ಡ ಸಾವ್ಕಾರ್ತಿ ನೋಡು. ಕಸ್ತೂರಿ ಇಳಿಯೂ ಮುಂದ ಕಂದೀಲು ಕೇಳಿದ್ಲೇನ...”

ಶಿವಗಂಗವ್ವನ ಮಾತು ಅಲ್ಲಿಗೇ ನಿಂತಿತು.

ರೇವವ್ವ ಒಳಗಿನಿಂದ ಕಂದೀಲು ತಂದು ಹಚ್ಚಿ ಇಳಿಬಿಟ್ಟಳು. ಆಳುದ್ದ ಹೋಗುವಷ್ಟರಲ್ಲಿ ಉರಿ ಕುಗ್ಗಿ ಆರಿಹೋಯಿತು.

“ಅಕೀಗೆ ಜ್ವರ ಬಂದಿತ್ತಂದ್ರಲ್ರಿ?”

“ನೀರಡಿಕಿ ಆಗೇತಿ. ನೀರು ತಾ.”

“ಮೊದಲ ಹೇಳ್ರಿ. ಆಮ್ಯಾಲೆ ತರ್ತೀನಿ.”

ಎರಡು ವರ್ಷ ಎದೆಯೊಳಗೆ ಕೇಳುತ್ತಿದ್ದ ದನಿ ಅದೇ. ಸವತಿಯದೆಂದು ಕುಂಕುಮ ಹಚ್ಚಿ ಸುಮ್ಮನಿರಿಸುತ್ತಿದ್ದ ದನಿ ತನ್ನದೇ ಎಂದು ಅವಳಿಗೆ ಆಗ ತಿಳಿಯಿತು. ಶಿವಗಂಗವ್ವ ನೆಲ ನೋಡುತ್ತ ಹೇಳಿದಳು. ಅಂದೂ ಬೀಗರು ಬರುವವರಿದ್ದರು. ಕಸ್ತೂರಿ ಇಳಿದಳು, ಒಮ್ಮೆ ಕೆಮ್ಮಿದಳು, ಮತ್ತೆ ದನಿ ಬರಲಿಲ್ಲ.

ರೇವವ್ವ ನೀರು ತಂದುಕೊಟ್ಟಳು. ಕುಣಿಗೆ ಇಳಿಯಲಿಲ್ಲ. ಬೀಗರಿಗೆ ಅನ್ನ, ಸಾರು ಬಡಿಸಿದರು.

ಕುಣಿಯ ಬಾಯಿ ರಾತ್ರಿಯೆಲ್ಲ ತೆರೆದೇ ಇತ್ತು. ಮರುದಿನ ಮಧ್ಯಾಹ್ನ ಕಂದೀಲು ಆರದೆ ಮೇಲೆ ಬಂದ ಮೇಲೆ, ಅಣ್ಣಿಗೇರಿಯಿಂದ ಮರಳಿದ್ದ ಮಡಿವಾಳೆಪ್ಪ ಇಳಿದ. ಮೊದಲ ಬುಟ್ಟಿಯ ಜೋಳ ಕೇರುವಾಗ ಹಸಿರು ಬಳೆಯ ಮೂರು ಚೂರು ಸಿಕ್ಕವು. ಅವಳು ಅವನ್ನು ಗಂಡನ ಮುಂದೆ ಹಿಡಿದಳು. ಅವನು ಕಣ್ಣು ತಪ್ಪಿಸಿ ಮತ್ತೆ ಕುಣಿಗೆ ಇಳಿದ.

ಪದಕವನ್ನು ಅವಳು ಬಿಚ್ಚಲಿಲ್ಲ. ಕುಂಕುಮ ಹಚ್ಚುವುದನ್ನು ಮಾತ್ರ ಬಿಟ್ಟಳು. ಆ ಜೋಳದ ರೊಟ್ಟಿ ಬಡಿದು ಇಬ್ಬರಿಗೂ ಬಡಿಸಿದಳು. ತನ್ನ ತಾಟು ಬೋರಲು ಹಾಕಿದಳು.

“ಯಾಕ, ಉಣ್ಣಂಗಿಲ್ಲೇನು?” ಎಂದಳು ಅತ್ತೆ.

“ಒಲ್ಲೆರಿ,” ಎಂದಳು ರೇವವ್ವ.