ಕೆಂಪು ತಂತಿ ಹಾಕದ ಮೇಸ್ತ್ರಿ

ಗಿಟಾರ್ ನುಡಿಸುವವರೆಲ್ಲ ಅವನನ್ನು ಪೆಟ್ಟಿಗೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಿಟಾರಿನ ಸ್ವರವನ್ನು ಒರಟು ಮಾಡುವ, ನಡುಗಿಸುವ, ಗುಹೆಯೊಳಗಿಂದ ಬಂದ ಹಾಗೆ ಕೇಳಿಸುವ ಪೆಡಲ್‌ಗಳು, ಅಂದರೆ ಕಾಲಲ್ಲಿ ಒತ್ತುವ ಅಂಗೈಯಗಲದ ಲೋಹದ ಪೆಟ್ಟಿಗೆಗಳು, ಅವನ ಮೇಜಿನ ಮೇಲೆ ಹುಟ್ಟುತ್ತಿದ್ದವು. ದರ್ಜಿಯಂಗಡಿಯ ಹಿಂದೆ ಒಂದೇ ಕಿಟಕಿಯ ಕೋಣೆ. ಕೋಪ ಮೂಗಿನ ತುದಿಯಲ್ಲೇ. ಕೈ ಮಾತ್ರ ಹೂವಿನಷ್ಟು ಹಗುರ.

"ತಂತಿ ಯಾವುದಾದ್ರೇನು ಮೇಸ್ತ್ರಿ, ಕರೆಂಟ್ ಹರಿದ್ರೆ ಸಾಕಲ್ವಾ?" ಎಂದು ಯಾವನಾದರೂ ಕೇಳಿದನೋ, ಮುಗಿಯಿತು ಅವನ ಕತೆ.

"ನಿನ್ನ ಗಂಟಲಲ್ಲೂ ಗಾಳಿ ಹರಿಯತ್ತಲ್ಲ, ಎಲ್ಲಿ, ಒಂದು ಹಾಡು ಹಾಡು ನೋಡೋಣ!"

ತಂತಿ ಆರಿಸುವುದನ್ನು ಕಲಿಸಿದ್ದು ಸೋದರಮಾವ. ರೇಡಿಯೋ ರಿಪೇರಿಯವರು, ಜೊತೆಗೆ ಪೆಡಲ್ ಪೆಟ್ಟಿಗೆಗಳನ್ನೂ ಕಟ್ಟುತ್ತಿದ್ದರು. ಮೀಸೆ ಚಿಗುರಿದ ಕಾಲಕ್ಕೆ ಮೇಸ್ತ್ರಿ ಮತ್ತು ಅವನ ತಮ್ಮ ಇಬ್ಬರೂ ಮಾವನ ಅಂಗಡಿ ಸೇರಿದ್ದರು. ಒಂದೇ ದೀಪದಡಿ ಮೂರು ತಲೆ, ಬೆಸುಗೆಯ ರಾಳದ ಸಿಹಿ ಹೊಗೆ, ಮಾವನ ಸಿಳ್ಳೆ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಮೇಸ್ತ್ರಿಯ ಮೂಗಿಗೆ ಆ ಹೊಗೆ ಬಡಿಯುತ್ತದೆ.

"ಒಂಟಿ ಕಡ್ಡಿ ತಂತಿ ಮಡಚಿದ ಹಾಗೇ ನಿಲ್ಲತ್ತೆ, ಅದನ್ನ ಬೋರ್ಡಿನ ಮೇಲೆ ಹಾಕು," ಎನ್ನುತ್ತಿದ್ದರು ಮಾವ. "ಸ್ವಿಚ್ಚಿಗೆ ಮಾತ್ರ ಏಳು ಎಳೆ ಹೊಸೆದ ತಂತಿ. ಆ ಸ್ವಿಚ್ಚನ್ನ ದಿನಕ್ಕೆ ನೂರು ಸಲ ತುಳೀತಾರೆ. ಕಡ್ಡಿ ಹಾಕಿದ್ರೆ ಕತ್ತು ಮುರ್ಕೊಳ್ಳತ್ತೆ."

ಆಮೇಲೆ ತಂತಿಯ ತುದಿ ಸುಲಿದು, ಎಳೆಗಳಿಗೆ ತವರ ಬಳಿದಿದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿಯುವುದು. ಕಾದ ಬೆಸುಗೆ ಕಡ್ಡಿಯನ್ನು ಅಂಚಿಗೆ ತಾಗಿಸುವುದು. ಮೇಲಿನ ಪ್ಲಾಸ್ಟಿಕ್ ಸುಕ್ಕುಗಟ್ಟಿ ಹಿಂದೆ ಸರಿದರೆ ಆ ಸುರುಳಿ ವಾಪಸ್ಸು.

"ಬಿಸಿ ತಾಗಿದ ಕೂಡ್ಲೇ ತೋಳು ಮಡಚೋ ತಂತಿ ನಮಗೆ ಬೇಡ. ಜಗಳಗಂಟಿ ಅದು," ಎಂದು ಮಾವ ದೊಡ್ಡವನ ಕಡೆ ನೋಡುತ್ತಿದ್ದರು. ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.

ಇವೆಲ್ಲಕ್ಕಿಂತ ಮೇಲೆ ಒಂದು ಕಟ್ಟಳೆಯಿತ್ತು. ಪೆಟ್ಟಿಗೆಯೊಳಗೆ ಕೆಂಪು ತಂತಿ, ಹಸಿರು ತಂತಿ ಬರಕೂಡದು. ಹಳದಿ, ನೀಲಿ, ಬಿಳಿ, ಕಪ್ಪು, ಇಷ್ಟೇ. ಬ್ಯಾಟರಿ ಕ್ಲಿಪ್ಪು ಕಾರ್ಖಾನೆಯಿಂದಲೇ ಕೆಂಪು, ಕಪ್ಪು ಎರಡು ಬಾಲ ಇಟ್ಟುಕೊಂಡು ಬರುತ್ತದಲ್ಲ, ಅದರ ಕೆಂಪು ಬಾಲವನ್ನೂ ಬುಡದಲ್ಲೇ ಕತ್ತರಿಸಿ ಹಳದಿ ಬೆಸೆಯಬೇಕು. ಯಾಕೆ ಎಂದರೆ, "ಕೆಂಪು ಒಳಗೆ ಬಂತೋ, ಸ್ವರ ಕೆಟ್ಟಿತು. ಹೇಳಿದಷ್ಟು ಮಾಡು," ಎಂದು ಮಾವ ಮತ್ತೆ ಸಿಳ್ಳೆ ಶುರುಮಾಡುತ್ತಿದ್ದರು. ರೆಸಿಸ್ಟರ್‌ಗಳ ಮೈಮೇಲಿನ, ಅಳತೆ ಹೇಳುವ ಬಣ್ಣದ ಗೆರೆಗಳನ್ನೂ ಅವರು ಓದುತ್ತಿರಲಿಲ್ಲ. ಒಂದೊಂದನ್ನೂ ಮೀಟರಿಗೆ ಹಿಡಿದೇ ಅಳೆಯುತ್ತಿದ್ದರು. ಎಂಥ ಶ್ರದ್ಧೆ ಎಂದುಕೊಂಡಿದ್ದ ಮೇಸ್ತ್ರಿ.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ದರ್ಜಿಯಂಗಡಿಯ ಹಿಂದೆ ಈ ಕೋಣೆ ಹಿಡಿದರು. ಕೆಲಸ ಚೆನ್ನಾಗಿಯೇ ನಡೆಯುತ್ತಿತ್ತು. ಹೀಗಿರುವಾಗ ಒಂದು ದಿನ ಹಳದಿ ತಂತಿ ಮುಗಿದಿತ್ತು, ಗಿರಾಕಿ ಬಾಗಿಲಲ್ಲಿ ನಿಂತಿದ್ದ. ತಮ್ಮ ಸಲೀಸಾಗಿ ಒಂದು ಗೇಣು ಕೆಂಪು ತಂತಿ ಬೆಸೆದುಬಿಟ್ಟ. ಮುಚ್ಚಳ ಹಾಕುವ ಮುಂಚೆ ಮೇಸ್ತ್ರಿ ಅದನ್ನು ಕಂಡ. ಕಿತ್ತು ಬಿಸಾಡಿದ. ಬಿಸಾಡಿದ್ದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು.

"ಮಾವ ಹೋದ ಮೇಲೆ ಅವರ ಮಾತೂ ಸತ್ತುಹೋಯ್ತೇನೋ ನಿನಗೆ? ಗುರುದ್ರೋಹಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ. ಹೊಲಿಗೆಯಂತ್ರ ನಿಂತುಹೋಯಿತು. ತಮ್ಮ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ತನ್ನ ಇಕ್ಕಳ ಎತ್ತಿಕೊಂಡು ಹೊರಟುಹೋದ. ಎರಡು ಓಣಿ ಆಚೆ ತಂತಿಯಂಗಡಿಯನ್ನೇ ತೆರೆದ.

ಒಂಬತ್ತು ವರ್ಷ ಮಾತಿಲ್ಲ. ಮೇಸ್ತ್ರಿ ಊರಿನ ಇನ್ನೊಂದು ತುದಿಗೆ ಹೋಗಿ ತಂತಿ ತರುತ್ತಿದ್ದ. ಪೆಡಲ್ ಪರೀಕ್ಷೆಗೆ ಇಬ್ಬರು ಬೇಕು, ಒತ್ತುವವನೊಬ್ಬ, ದೂರ ನಿಂತು ಕೇಳುವವನೊಬ್ಬ. ಈಗ ತಾನೇ ಒತ್ತಬೇಕು, ತಾನೇ ಕೇಳಬೇಕು. ಪ್ರತಿ ಸಲವೂ ತಲೆ ಎತ್ತಿ ಬಾಗಿಲ ಕಡೆ ನೋಡುವ ಚಾಳಿ ಮಾತ್ರ ಹೋಗಲಿಲ್ಲ. ತಾನಾಗಿ ಹೋಗಿ ಮಾತಾಡಿಸಿದರೆ ಮಾವನಿಗೆ ಎರಡು ಬಗೆದಂತಲ್ಲವೇ ಎಂದು ಹಲ್ಲು ಕಚ್ಚಿಕೊಂಡಿದ್ದ.

ಮೊನ್ನೆ ಅತ್ತೆ ಹೇಳಿಕಳಿಸಿದರು. ಮೆಟ್ಟಿಲು ಹತ್ತಲಾಗದ್ದಕ್ಕೆ ಕೆಳಗಿನ ಮನೆಗೆ ಸಾಮಾನು ಸಾಗಿಸಬೇಕಿತ್ತು. ಮಾವನ ಬೀರು ತೆಗೆದ ಮೇಸ್ತ್ರಿ ನಿಂತಲ್ಲೇ ನಿಂತ. ಕೆಳಗಿನ ಹಲಗೆಯ ತುಂಬ ಕೆಂಪು ತಂತಿಯ ಸುರುಳಿಗಳು. ಒಂದೂ ಬಿಚ್ಚಿಲ್ಲ.

"ಅತ್ತೆ, ಮಾವನ ಮನೇಲಿ ಕೆಂಪು ತಂತಿ!"

"ಅಯ್ಯೋ, ಅದಾ? ಅಂಗಡಿಯವನು ಅವಸರದಲ್ಲಿ ಕೊಟ್ಟಿದ್ದನ್ನ ತರ್ತಿದ್ರು. ಇದು ಕೆಂಪು ಕಣ್ರೀ ಅಂತ ನಾನೇ ಹೇಳ್ಬೇಕು. ವಾಪಸ್ ಕೊಡೋಕೆ ನಾಚಿಕೆ."

"ನಾಚಿಕೆ ಯಾಕೆ?"

"ನಿಂಗೊತ್ತಿಲ್ವೇನೋ? ಅವರಿಗೆ ಬಣ್ಣ ಗೊತ್ತಾಗ್ತಿರಲಿಲ್ಲ. ಕೆಂಪು, ಹಸಿರು, ಕಂದು, ಎಲ್ಲಾ ಒಂದೇ ಮಣ್ಣಿನ ಬಣ್ಣ. ಗಿರಾಕಿಗಳಿಗೆ ತಿಳಿದ್ರೆ ಯಾರು ರೇಡಿಯೋ ತಂದುಕೊಡ್ತಾರೆ ಅಂತ ಮುಚ್ಚಿಟ್ಟಿದ್ರು." ಅತ್ತೆ ಸೆರಗಿನಿಂದ ಸುರುಳಿಯ ಧೂಳು ಒರೆಸಿದರು. "ನಿನ್ನ ತಮ್ಮನಿಗೆ ಗೊತ್ತಿತ್ತಲ್ಲ. ಮೀಟರು ಕೆಟ್ಟಾಗ ರೆಸಿಸ್ಟರ್ ಗೆರೆ ಓದಿ ಹೇಳ್ತಿದ್ದವನು ಅವನೇ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ರು."

ಮೇಸ್ತ್ರಿ ಸಾಮಾನೆಲ್ಲ ಸಾಗಿಸಿದ. ಅತ್ತೆ ಕೊಟ್ಟ ಚಹಾ ಲೋಟದಲ್ಲೇ ತಣ್ಣಗಾಯಿತು. ಬೀದಿಗಿಳಿದವನ ಕಾಲು ಎರಡು ಓಣಿ ಆಚೆಗೆ ತಿರುಗಿತು.

ತಮ್ಮ ಗಲ್ಲಾದ ಹಿಂದೆ ತಂತಿ ಸುತ್ತುತ್ತಿದ್ದ. ತಲೆಗೂದಲು ಅರ್ಧ ನರೆತಿತ್ತು. ಯಾವಾಗ ನರೆಯಿತೋ ಮೇಸ್ತ್ರಿ ಕಂಡಿರಲಿಲ್ಲ.

"ಏನು ಬೇಕಿತ್ತು?" ಎಂದ ತಮ್ಮ, ಗಿರಾಕಿಯನ್ನು ಕೇಳುವ ಹಾಗೆ.

"ಯಾಕೋ ಹೇಳಲಿಲ್ಲ ನೀನು?"

ತಮ್ಮನ ಕೈ ನಿಂತಿತು. ಅಣ್ಣನ ಮುಖ ನೋಡಿದವನಿಗೆ ಎಲ್ಲ ತಿಳಿಯಿತು. "ಅತ್ತೆ ಹೇಳಿದ್ರಾ?"

"ಹೂಂ. ನಾನು ಅಷ್ಟು ಕೂಗಾಡಿದಾಗ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೋ."

"ಮುಗೀತಿತ್ತು. ಇಡೀ ಬೀದಿ ಕೇಳ್ತಾ ನಿಂತಿತ್ತು, ಅಲ್ಲಿ ಮಾವನ ವಿಷಯ ಹೇಳ್ಲಾ? ನೀನು ಬೈದಿದ್ದು ನನ್ನನ್ನ. ತಡ್ಕೊಂಡೆ."

"ಆಮೇಲಾದ್ರೂ?"

"ಆಮೇಲೆ ನಂಗೂ ಸಿಟ್ಟು ಬಂತು. ಸಿಟ್ಟು ನಿನ್ನೊಬ್ಬನ ಸ್ವತ್ತಾ?"

ಮೇಸ್ತ್ರಿಗೆ ಬೈಗುಳವಾಗಿದ್ದರೆ ಸರಾಗ ಬರುತ್ತಿತ್ತು. "ತಪ್ಪಾಯ್ತು ಕಣೋ," ಎಂದ, ಗಲ್ಲಾದ ಮರಕ್ಕೆ ಹೇಳುವ ಹಾಗೆ.

"ಕೇಳಿಸ್ಲಿಲ್ಲ."

"ತಪ್ಪಾಯ್ತು ಅಂದೆ."

"ಬೈಯೋವಾಗ ಇಡೀ ಬೀದಿಗೆ ಕೇಳಿಸಿತ್ತು. ಇದು ಮಾತ್ರ ನನ್ನೊಬ್ಬನಿಗೇನಾ?"

ಮೇಸ್ತ್ರಿಯ ಮೂಗು ಕೆಂಪಾಯಿತು. ಹಿಂದೆ ತಿರುಗಿ, ಓಣಿಗೆ ಮುಖಮಾಡಿ, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ: "ತಪ್ಪು ನಂದೇ ಕಣ್ರಪ್ಪಾ! ನಂದೇ!"

ಎದುರಿನ ಬೀಗದ ರಿಪೇರಿಯವನು ಕನ್ನಡಕ ಹಣೆಗೇರಿಸಿ ಹೊರಗೆ ಇಣುಕಿದ. "ಏನಾಯ್ತು? ಯಾರದು ಗಲಾಟೆ?"

ತಮ್ಮ ನಗು ತಡೆಯಲಾಗದೆ ಕೈಲಿದ್ದ ಸುರುಳಿಯನ್ನು ಕೆಳಗಿಟ್ಟ. "ಏನಿಲ್ಲ, ನಮ್ಮಣ್ಣ," ಎಂದ. "ಒಳಗೆ ಬಾರೋ, ಬಿಸಿಲಲ್ಲಿ ನಿಂತಿದ್ದೀಯ."