ನೀರಿನ ಅಕಾರಾದಿ

ಮೂರು ದಿನಗಳಿಂದ ನನ್ನ ಮೇಜಿನ ಮೇಲೆ ಮರದ ಡ್ರಾಯರೊಂದು ಕುಳಿತಿದೆ. ಹತ್ತಿರ ಹೋದರೆ ಈಗಲೂ ನುಸಿಗುಳಿಗೆಯ ವಾಸನೆ. ಒಳಗೆ ಒತ್ತಾಗಿ ನಿಂತ ಕಾರ್ಡುಗಳು. ಅವುಗಳ ಬುಡದ ತೂತಿನಲ್ಲಿ ಹಾದುಹೋದ ಹಿತ್ತಾಳೆಯ ಸರಳು. ಯಾರೂ ಕಿತ್ತೊಯ್ಯದಿರಲಿ, ಕ್ರಮ ಕೆಡದಿರಲಿ ಎಂದು ಆ ಸರಳು. ಹೊನ್ನಾಳಿಯ ಗ್ರಂಥಾಲಯದ ಈಗಿನ ಗ್ರಂಥಪಾಲಕಿ ಈ ಡ್ರಾಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾವಣಗೆರೆಯ ನಮ್ಮ ಮನೆಗೆ ತಂದಳು.

"ಗುಜರಿಗೆ ಹಾಕ್ರಿ ಅಂದ್ರು ಮೇಡಂ, ಮನಸ್ಸು ಬರಲಿಲ್ಲ. ಇದು ಯಾವ ಕ್ರಮದಾಗೆ ಐತೆ ಅಂತ ಯಾರಿಗೂ ತಿಳೀವಲ್ದು. ನೀವು ಹೇಳಿದ್ರೆ ಹಂಗೇ ಕಂಪ್ಯೂಟರಿಗೆ ಏರಿಸ್ತೀನಿ."

ಸೋಮವಾರದೊಳಗೆ ಹೇಳಬೇಕಂತೆ. ಕ್ರಮ ನನಗೆ ಗೊತ್ತು. ಅದಕ್ಕಾಗಿ ಪಟ್ಟ ಅವಮಾನವೂ ಗೊತ್ತು. ಅವಮಾನಗಳ ವಿಷಯದಲ್ಲಿ ನನ್ನ ನೆನಪು ಬಲು ಚುರುಕು. ಮದುವೆಯೊಂದರಲ್ಲಿ ನನ್ನನ್ನು ಎರಡನೆಯ ಪಂಕ್ತಿಗೆ ಕಳುಹಿಸಿದವರ ಹೆಸರನ್ನು ಈಗಲೂ ಹೇಳಬಲ್ಲೆ, ವಧುವಿನ ಹೆಸರು ಮರೆತಿದೆ.

ನಾನು ಓದಿದ್ದು ಭೂಗೋಳ, ಹುಟ್ಟಿದ್ದು ಜಗಳೂರಿನಲ್ಲಿ. ಅಲ್ಲಿ ಮಳೆ ಬಂದರೆ ಮನೆಮಂದಿಯೆಲ್ಲ ಹೊರಗೆ ನಿಂತು ನೀರು ಯಾವ ಕಡೆ ಹರಿಯುತ್ತದೆಂದು ನೋಡುತ್ತಿದ್ದೆವು. ಎಂ.ಎ. ಮುಗಿಸಿದಾಗ ಭೂಗೋಳದ ಅಧ್ಯಾಪಕಿಯ ಹುದ್ದೆ ಎಲ್ಲಿಯೂ ಇರಲಿಲ್ಲ, ಸರ್ಕಾರಿ ಗ್ರಂಥಾಲಯದಲ್ಲಿ ಒಂದಿತ್ತು. ತರಬೇತಿ ಪಡೆದು, ಎಪ್ಪತ್ತರ ದಶಕದ ನಡುವಿನಲ್ಲಿ ಹೊನ್ನಾಳಿಗೆ ಬಂದೆ. "ಭೂಪಟ ಮಡಿಚಿಟ್ಟು ಧೂಳು ಹೊಡೆಯಲು ಹೊರಟೆಯಾ?" ಎಂದು ನನ್ನ ಗುರುಗಳೊಬ್ಬರು ಕೇಳಿದ್ದರು. ಅದನ್ನೂ ಮರೆತಿಲ್ಲ.

ಹೊನ್ನಾಳಿ, ಚನ್ನಗಿರಿ ಎರಡೂ ತಾಲ್ಲೂಕುಗಳ ಹಳ್ಳಿ ವಾಚನಾಲಯಗಳಿಗೆ ಪ್ರತಿ ತಿಂಗಳು ನಮ್ಮಲ್ಲಿಂದ ಪುಸ್ತಕದ ಪೆಟ್ಟಿಗೆ ಬಸ್ಸಿನ ಮೇಲೆ ಹೋಗುತ್ತಿತ್ತು. ಊರಿಗೊಂದು ಕಾರ್ಡು: ಯಾವ ಬಸ್ಸು, ಯಾರ ಕೈಗೆ, ಅಲ್ಲಿಯವರು ಏನನ್ನು ಓದುತ್ತಾರೆ. ಆ ಕಾರ್ಡುಗಳನ್ನು ನಾನು ನೀರಿನ ಕ್ರಮದಲ್ಲಿ ಜೋಡಿಸಿದೆ. ಹೊಳೆಯ ಮೇಲಿನ ಊರು ಮೊದಲು, ಕೆಳಗಿನದು ಆಮೇಲೆ. ಹಳ್ಳದ ಊರುಗಳು ಆಯಾ ಹಳ್ಳದ ಜೊತೆ. ಸೂಳೆಕೆರೆಯ ನೀರುಣ್ಣುವ ಊರುಗಳದು ಬೇರೆಯೇ ಕಟ್ಟು. ಭೂಗೋಳದವಳ ಜಂಬವೂ ಅದರಲ್ಲಿತ್ತೆಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ.

ಮೊದಲ ತಪಾಸಣೆಗೆ ಬಂದ ಅಧಿಕಾರಿ ನ್ಯಾಮತಿ ಊರಿನವರು. ಬಿಳಿ ಅಂಗಿ, ಮಡಿಚಿದ ಛತ್ರಿ, ಮಾತು ಕಡಿಮೆ. ಡ್ರಾಯರು ಎಳೆದು ನೋಡಿದರು: 'ಸ' ಆದ ಮೇಲೆ 'ಬ', 'ಬ' ಆದ ಮೇಲೆ 'ಹ'. ನನ್ನನ್ನು ಒಂದು ಮಾತೂ ಕೇಳದೆ ತಪಾಸಣಾ ಪುಸ್ತಕದಲ್ಲಿ ಷರಾ ಬರೆದರು: "ಗ್ರಂಥಪಾಲಕಿಗೆ ಅಕಾರಾದಿಯ ಅರಿವಿಲ್ಲ. ಒಂದು ವಾರದಲ್ಲಿ ಸರಿಪಡಿಸತಕ್ಕದ್ದು." ಅವರ 'ರ' ಅಕ್ಷರದ ತಲೆಕಟ್ಟು ಮುಂದಿನ ಅಕ್ಷರದ ಮೇಲೂ ಛತ್ರಿಯಂತೆ ಚಾಚಿಕೊಂಡಿತ್ತು. ಆ ಷರಾದ ಕಾರ್ಬನ್ ಪ್ರತಿ ಇಂದಿಗೂ ನನ್ನ ಬೀರುವಿನಲ್ಲಿದೆ.

ಕೋಪ ಬಂದಾಗ ನಾನು ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತೇನೆ. ನಾಲ್ಕೇ ದಿನಗಳಲ್ಲಿ ಕಾರ್ಡುಗಳೆಲ್ಲ ಅಕಾರಾದಿಗೆ ಬಂದವು. ಪರಿಣಾಮವಾಗಿ, ಅದುವರೆಗೆ ಒಂದರ ಮುಖ ಒಂದು ನೋಡದಿದ್ದ ಎರಡು ಹೊಸಹಳ್ಳಿಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ನಮ್ಮ ಜವಾನ ಹನುಮಂತಪ್ಪ, ನಿವೃತ್ತಿಯ ಅಂಚಿನಲ್ಲಿದ್ದ ಸಾಧು ಮನುಷ್ಯ, ಮೊದಲು ಕೈಗೆ ಸಿಕ್ಕ ಹೊಸಹಳ್ಳಿಯ ಕಾರ್ಡು ನೋಡಿ ಪೆಟ್ಟಿಗೆ ಕಳುಹಿಸಿದ.

ಮೂರು ವಾರದ ಮೇಲೆ ಸಿದ್ದಮ್ಮ ಬಂದರು. ಇನ್ನೊಂದು ಹೊಸಹಳ್ಳಿಯ ವಾಚನಾಲಯವಿದ್ದದ್ದು ಅವರ ಮನೆಯ ಪಡಸಾಲೆಯಲ್ಲಿ. ಮಧ್ಯಾಹ್ನ ಅವರ ಸೊಸೆ ಗಟ್ಟಿಯಾಗಿ ಓದುವುದು, ಓಣಿಯ ಹೆಣ್ಣುಮಕ್ಕಳು ಕೇಳುವುದು, ಒಬ್ಬೊಬ್ಬರಾಗಿ ತಾವೂ ಅಕ್ಷರ ಕೂಡಿಸುವುದು.

"ಪೆಟ್ಟಿಗೆ ಬರಲಿಲ್ರಿ ಮೇಡಮ್ನೋರೆ. ನಮ್ಮ ಮೈದುನ ಪಡಸಾಲೆಗೆ ಭತ್ತ ತುಂಬಾಕೆ ಕಾಯ್ತಾ ಕುಂತಾನೆ. ಒಂದು ಸಲ ಚೀಲ ಒಳಗೆ ಬಂದ್ರೆ ಮುಗೀತು, ನಮ್ಮ ಹೆಣ್ಮಕ್ಕಳಿಗೆ ಕುಂದ್ರಾಕೆ ಜಾಗ ಇಲ್ಲ."

ಹೊಸಹಳ್ಳಿಗೆ ಕಳಿಸಿದ್ದೇನಲ್ಲ ಎಂದು ಹನುಮಂತಪ್ಪ ಗೊಣಗಿದ.

"ಯಾವ ಹೊಸಹಳ್ಳಿಗಪ್ಪ? ನೀನು ಕಳ್ಸಿದ್ದು ಹೊಳೆ ದಂಡೇದಕ್ಕೆ. ನಮ್ಮದು ಕೆರೆ ಕೆಳಗಿಂದು. ಯಾವ ನೀರು ಕುಡೀತಾರೆ ಅಂತ ಕೇಳಿದ್ರೆ ಊರು ತಪ್ಪಾಕಿಲ್ಲ."

ಅಂದೇ ಬೇರೆ ಪೆಟ್ಟಿಗೆ ತುಂಬಿ ಅವರ ಜೊತೆಯಲ್ಲೇ ಕಳುಹಿಸಿದೆ. ಪಡಸಾಲೆ ಉಳಿಯಿತು. ಸಂಜೆಯೊಳಗೆ ಸರಳು ಎಳೆದು ಕಾರ್ಡುಗಳನ್ನು ಮತ್ತೆ ನೀರಿನ ಕ್ರಮಕ್ಕೆ ತಂದೆ.

ಮರುವರ್ಷ ಅದೇ ಅಧಿಕಾರಿ ಬಂದಾಗ, ಪೆಟ್ಟಿಗೆ ಹಿಂದಿರುಗಿಸಲು ಸಿದ್ದಮ್ಮನೂ ಬಂದಿದ್ದರು. ಅಧಿಕಾರಿ ಡ್ರಾಯರು ಎಳೆದು ಹುಬ್ಬು ಗಂಟಿಕ್ಕಿದರು. ನಾನು ನಡೆದದ್ದನ್ನು ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಸಿದ್ದಮ್ಮ ಬಾಯಿ ಹಾಕಿದರು:

"ಸಾಹೇಬ್ರೆ, ನಿಮ್ಮ ಅ-ಆ-ಇ-ಈಗೆ ನಮ್ಮೂರಿಗೆ ಬರಾಕೆ ದಾರಿ ಗೊತ್ತಿಲ್ರಿ."

ಹನುಮಂತಪ್ಪ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಅಧಿಕಾರಿ ಡ್ರಾಯರು ಮುಚ್ಚಿದರು. "ನೋಡಿದೆ" ಎಂದಷ್ಟೇ ಬರೆದು ಸಹಿ ಹಾಕಿದರು. ಹಿಂದಿನ ಷರಾ ತಪ್ಪೆಂದು ಒಂದಕ್ಷರವಿಲ್ಲ. ಅದನ್ನು ನಾನು ಎರಡನೆಯ ಅವಮಾನವೆಂದು ನೆನಪಿಟ್ಟುಕೊಂಡೆ.

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ಮಾಹಿತಿ ಕೇಂದ್ರವೊಂದಕ್ಕೆ ವರ್ಗವಾಯಿತು. ಬಾಗಿಲ ಮೇಲಿನ ಫಲಕದಲ್ಲಿ ನಾನು 'ಮಾಹಿತಿ ವಿಜ್ಞಾನಿ'. ಹೆಸರು ದೊಡ್ಡದು, ಆದರೆ ಯಾವ ಕಡತ ಬಂದರೂ ನಾನು ಮೊದಲು ಕೇಳಿಕೊಳ್ಳುತ್ತಿದ್ದುದು ಸಿದ್ದಮ್ಮ ಕಲಿಸಿದ ಪ್ರಶ್ನೆಯನ್ನೇ: ಬೇಕಾದವರು ಇದನ್ನು ಏನೆಂದು ಗುರುತಿಸುತ್ತಾರೆ? ಹೊನ್ನಾಳಿಯ ಡ್ರಾಯರು ಮಾತ್ರ ನಾನು ಬಿಟ್ಟ ವಾರವೇ ಅಕಾರಾದಿಗೆ ಮರಳಿರುತ್ತದೆಂದು ಇಷ್ಟು ವರ್ಷ ನಂಬಿಕೊಂಡು, ಹಲ್ಲು ಕಚ್ಚಿಕೊಂಡಿದ್ದೆ.

ನಿನ್ನೆ ಕೂತು ಒಂದೊಂದೇ ಕಾರ್ಡು ತಿರುವಿದೆ. ನೀರು ಹರಿದಂತೆಯೇ ಇವೆ. ನನ್ನ ನೀಲಿ ಶಾಯಿಯ ಕಾರ್ಡುಗಳ ನಡುವೆ, ನಾನು ಕಾಣದ ಊರುಗಳಿಗೆ ಕಪ್ಪು ಶಾಯಿಯ ಹೊಸ ಕಾರ್ಡುಗಳು. ನ್ಯಾಮತಿಯ ಕಡೆಯ ಹಳ್ಳವೊಂದರಲ್ಲಿ ನನ್ನ ಎರಡು ಕಾರ್ಡುಗಳು ಹಿಂದುಮುಂದಾಗಿವೆ, ಈಗ ಮುಂದಿರುವುದರ ಮೂಲೆಯಲ್ಲಿ ಸಣ್ಣಗೆ ಬರೆದಿದೆ: "ಹಳ್ಳ ಮೊದಲು ಈ ಊರಿಗೆ ಬರುತ್ತದೆ. ನಡೆದು ನೋಡಿದ್ದೇನೆ."

'ರ'ದ ತಲೆಕಟ್ಟು ಪಕ್ಕದ ಅಕ್ಷರದ ಮೇಲೂ ಛತ್ರಿ ಹಿಡಿದಿತ್ತು.

ಬೀರುವಿನಿಂದ ಕಾರ್ಬನ್ ಪ್ರತಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಅದನ್ನು ಮರೆತಿದ್ದರೆ ಈ ಕೈಬರಹ ನನಗೆ ಗುರುತು ಸಿಗುತ್ತಿರಲಿಲ್ಲ. ಗ್ರಂಥಪಾಲಕಿಗೆ ಫೋನು ಮಾಡಿದೆ. ಅವಳು ಹಳಬರನ್ನು ವಿಚಾರಿಸಿ ಹೇಳಿದಳು: ನಿವೃತ್ತಿಯ ಮೇಲೆ ಆ ಅಧಿಕಾರಿ ನ್ಯಾಮತಿಯಿಂದ ಬೆಳಗಿನ ಬಸ್ಸಿಗೆ ಬಂದು, ಆ ಡ್ರಾಯರಿನ ಮುಂದೆ ಕೂರುತ್ತಿದ್ದರಂತೆ, ಕೊನೆಯವರೆಗೂ. ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲವಂತೆ.

"ನೀರಿನ ಕ್ರಮ. ಹಾಗೆಯೇ ಏರಿಸಿಬಿಡು," ಎಂದೆ.

ಆಮೇಲೆ ಕಾರ್ಬನ್ ಪ್ರತಿಯನ್ನು ಕಾರ್ಡಿನ ಅಳತೆಗೆ ಮಡಿಚಿ, ಬುಡಕ್ಕೆ ತೂತು ಮಾಡಿ, ಆ ಹಳ್ಳದ ಊರಿನ ಕಾರ್ಡಿನ ಹಿಂದೆ ನಿಲ್ಲಿಸಿ ಸರಳು ತೂರಿಸಿದೆ. ಎಸೆಯುವುದು ನನ್ನ ಸ್ವಭಾವದಲ್ಲಿಲ್ಲ. ಆದರೆ ಅದರ ಸ್ಥಳ ಬೀರು ಅಲ್ಲವೆಂದು ಈಗ ಗೊತ್ತಾಯಿತು.