ಫುಟ್‌ವಾಲ್ವಿಗೆ ಸಗಣಿ ನೀರು

ನಮ್ಮ ಬಾವಿ ಮೋಟ್ರಿಗೆ ನಾನು ಸುರಿದಿರೋ ನೀರೆಲ್ಲ ಒಂದು ಕಡೆ ಸೇರ್ಸಿದ್ರೆ ಮದ್ದೂರು ಕೆರೆ ಎರಡು ಸಲ ಕೋಡಿ ಬೀಳೋದು. ಸುಳ್ಳಲ್ಲ. ಸರಿ, ಸ್ವಲ್ಪ ಸುಳ್ಳು.

ಅವತ್ತು ತ್ರೀ ಫೇಸ್ ಕರೆಂಟು ಬಂದಿದ್ದು ಹತ್ತಕ್ಕೆ, ಹೋಗೋದು ಒಂದಕ್ಕೆ. ನಾಲೇಲಿ ನೀರು ನಿಂತು ವಾರ ಆಗಿತ್ತು. ಭತ್ತದ ಸಸಿ ಮಡಿ ತುದಿಯೆಲ್ಲ ಹಳದಿ. ಇವತ್ತು ನೀರು ಕಾಣ್ದಿದ್ರೆ ನಾಟಿಗೆ ಒಂದು ಸಸೀನೂ ಸಿಗಕಿಲ್ಲ ಅಂತ ಅವ್ವ ಬೆಳಿಗ್ಗೆಯಿಂದ ನೂರಾ ಎಂಟು ಸಲ ಅಂದಿದ್ಲು. ಮೋಟ್ರು ಬರೀ ಕೂಗ್ತಿತ್ತು, ನೀರು ಎತ್ತುತಿರ್ಲಿಲ್ಲ.

ಬಾವಿ ಒಳಗೆ ಪೈಪಿನ ತುದೀಲಿ ಫುಟ್‌ವಾಲ್ವ್ ಅಂತ ಇರ್ತದೆ. ಪೈಪಲ್ಲಿರೋ ನೀರು ವಾಪಸ್ ಬಾವಿಗೆ ಇಳೀದಂಗೆ ತಡೀಬೇಕಾದ್ದು ಅದು. ನಮ್ದು ತಡೀತಿರ್ಲಿಲ್ಲ. ಪೈಪು ತುಂಬದೆ ಮೋಟ್ರು ನೀರು ಎತ್ತಲ್ಲ. ನಾನು ಮೇಲಿಂದ ಬಿಂದಿಗೆ ಬಿಂದಿಗೆ ಸುರಿಯೋದು, ಅದು ಕೆಳಗಿಂದ ಬುಡೋದು.

ಹದಿನೇಳನೇ ಬಿಂದಿಗೆಗೆ ಸೊಂಟ ಯಾರದೋ ಅನ್ನಿಸ್ತು. ಕೂತ್ಕೊಂಡು ಫೋನ್ ತೆಗ್ದೆ.

"ಅವ್ವ, ವಾಲ್ವ್ ಅಂದ್ರೆ ಏನ್ ಗೊತ್ತಾ? ಲ್ಯಾಟಿನ್ ಪದ. ಮಡಿಸೋ ಬಾಗಿಲಿನ ಒಂದು ರೆಕ್ಕೆ."

ಕಾಲೇಜಲ್ಲಾಗಿದ್ರೆ ಚಪ್ಪಾಳೆ ಬೀಳ್ತಿತ್ತು. ಬೀಳ್ತಿರ್ಲಿಲ್ಲ, ಆದ್ರೂ.

"ಬಾಗ್ಲಾದ್ರೆ ಮುಚ್ಕಳಕ್ಕೆ ಏನ್ ದಾಡಿ ಅದುಕ್ಕೆ?"

"ಟ್ಯಾಪ್ ಅಂದ್ರೆ ಮೊದ್ಲು ಪೀಪಾಯಿ ತೂತಿಗೆ ಜಡೀತಿದ್ದ ಮರದ ಬೆಣೆ. ಥ್ರಾಟಲ್ ಬಂದಿದ್ದು ಗಂಟಲಿಂದ."

"ನಿನ್ ಗಂಟ್ಲಿಗೇ ಒಂದು ಬೆಣೆ ಜಡೀತೀನಿ, ಏಳೇ. ಸಗಣಿ ತಕ್ಕಂಡ್ ಬಾ ಓಗು."

ತಂದ್ಕೊಟ್ಟೆ. ಅವ್ವ ಬಿಂದಿಗೆ ನೀರಿಗೆ ಸಗಣಿ ಕಲಸಿ ಪೈಪಿಗೆ ಹುಯ್ದ್ಲು. "ಇದ್ರ ನಾರು ಆ ಬಾಗ್ಲು ಸಂದೀಲಿ ಕೂತ್ಕತದೆ ಕಣೆ. ಆಕು ಸ್ವಿಚ್ಚು."

ಮೋಟ್ರು ಬೀಡಿ ಸೇದೋ ತಾತನಂಗೆ ಕೆಮ್ತು. ಆಮೇಲೆ ಭರ್ ಅಂತ ನೀರು.

"ನಿನ್ ಲ್ಯಾಟಿನ್ನೋರು ಏನಾಕ್ತಿದ್ರಂತೆ?" ಅಂದ್ಲು ಅವ್ವ. ನಗೂ ಇಲ್ಲ ಮುಖದಲ್ಲಿ. ಫೋನಲ್ಲಿ ಅದೊಂದು ಸಿಗಲಿಲ್ಲ.

ಅಷ್ಟೊತ್ಗೆ ಹನ್ನೆರಡೂ ಮುಕ್ಕಾಲು. ಅರ್ಧ ಮಡಿ ನೆನೆಯೋದ್ರೊಳಗೆ ಕರೆಂಟು ಹೋಯ್ತು. ಅವ್ವ ಬದು ಮೇಲೆ ಕುಕ್ಕರಿಸಿ, ಒಣಗಿದ್ದ ಅರ್ಧಾನೇ ನೋಡ್ತಿದ್ಲು. ಆಮೇಲೆ ನೆಂದ ಅರ್ಧಕ್ಕೂ ಒಣಗಿದ್ದಕ್ಕೂ ಮಧ್ಯೆ ಇದ್ದ ಮಣ್ಣಿನ ಬದೂನ ಬೆರಳಲ್ಲಿ ಬಗೆದ್ಲು.

"ಇರೋದ್ರಲ್ಲೇ ಅವೂ ಒಂದೊಂದ್ ಗುಟುಕು ಕುಡ್ಕಳ್ಳಿ. ನಾಳೆ ಕರೆಂಟು ಬರಗಂಟ."

"ತಡ್ಕತವಾ?" ಅಂದೆ.

"ನಂಗೇನ್ ಗೊತ್ತು ಕಣವ್ವ."

ಫೋನು ಬದು ಮೇಲಿಟ್ಟು ಇನ್ನೊಂದು ತುದೀಲಿ ನಾನೂ ಬಗೆದೆ. ನೀರು ಆ ಕಡೆಗೆ ಇಷ್ಟಿಷ್ಟೇ ಹರೀತು. ಎದ್ದೇಳಕ್ಕೆ ಇಬ್ಬರಿಗೂ ಆಗಲಿಲ್ಲ, ಅಲ್ಲೇ ನೋಡ್ತಾ ಕೂತ್ಕಂಡೋ.